‘ತೀರ್ಪು ಮಾಡಬೇಡಿರಿ’ ಅಂದಮೇಲೆ ಲೆಕ್ಕ ಕೇಳಬಹುದಾ?

ಬೆಳಗಾವಿ ಕ್ಯಾಂಪಿನಲ್ಲಾಗಲಿ, ಗುಳೇದಗುಡ್ಡದಲ್ಲಾಗಲಿ, ಭಾನುವಾರ ಆರಾಧನೆ ಮುಗಿಸಿ ಚಹಾ ಕುಡಿಯುತ್ತ ನಿಂತವರ ಬಾಯಲ್ಲಿ ಒಂದು ವಾಕ್ಯ ಪದೇ ಪದೇ ಬರುತ್ತದೆ: ‘ತೀರ್ಪು ಮಾಡಬೇಡಿರಿ.’ ಬೈಬಲಿನ ಮತ್ತಾಯ 7:1, ಯೇಸುವಿನ ಮಾತು. ಯಾರದೋ ಮಗಳು ಮನೆಯವರನ್ನು ಕೇಳದೆ ಮದುವೆಯಾದಳಂತೆ ಎಂಬ ಸುದ್ದಿ ಶುರುವಾದಾಗ ಇದನ್ನು ಹೇಳಿ ಬಾಯಿ ಮುಚ್ಚಿಸಿದರೆ ಒಳ್ಳೆಯದೇ. ಆದರೆ ಚರ್ಚ್ ಕಮಿಟಿಯಲ್ಲಿ ಕಾಣಿಕೆ ಹಣದ ಲೆಕ್ಕ ಕೇಳಿದವರಿಗೂ ಇದೇ ಉತ್ತರ ಸಿಗುತ್ತದೆ: ‘ದೇವರ ಸೇವಕರಿಗೆ ತೀರ್ಪು ಮಾಡಬ್ಯಾಡ್ರಿ.’ ಎರಡೂ ಒಂದೇನಾ?

ಅದೇ ಅಧ್ಯಾಯವನ್ನು ಇನ್ನಷ್ಟು ಓದಿದರೆ ಅಲ್ಲ ಅನಿಸುತ್ತದೆ. ನಿನ್ನ ಕಣ್ಣಿನ ತೊಲೆ, ಅಂದರೆ ನಿನ್ನದೇ ದೊಡ್ಡ ತಪ್ಪು, ಮೊದಲು ತೆಗೆ ಎಂದ ಯೇಸು ಅಲ್ಲಿಗೇ ನಿಲ್ಲಿಸುವುದಿಲ್ಲ. ಆಮೇಲೆ ಸಹೋದರನ ಕಣ್ಣಿನ ರವೆ, ಅಂದರೆ ಸಣ್ಣ ಕಸ, ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ. ಅಂದರೆ ರವೆ ತೆಗೆಯುವ ಕೆಲಸ ಇದ್ದೇ ಇದೆ. ಸ್ವಲ್ಪ ಮುಂದೆ, 15ನೇ ವಚನದಲ್ಲಿ, ಕುರಿ ವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರಿಕೆ. ಅವರನ್ನು ಗುರುತಿಸುವುದು ಅವರ ಫಲಗಳಿಂದ, ಅಂದರೆ ನಡೆಯಿಂದ. ಕಣ್ಣು ಮುಚ್ಚಿಕೊಂಡರೆ ಫಲ ಹೇಗೆ ಕಾಣಬೇಕು?

ಮೊದಲ ಕಾಲದ ಕ್ರೈಸ್ತ ಸಭೆಗಳಿಗೆ ಇದು ಊಟ-ವಸತಿಯ ಪ್ರಶ್ನೆಯೂ ಆಗಿತ್ತು. ಊರೂರು ಸುತ್ತುವ ಬೋಧಕರು ಮನೆ ಬಾಗಿಲಿಗೆ ಬರುತ್ತಿದ್ದರು. ಯಾರು ನಿಜ, ಯಾರು ಸುಳ್ಳು? ಸುಮಾರು ಕ್ರಿ.ಶ. 100ರ ಆಸುಪಾಸಿನ ‘ದಿದಾಖೆ’ ಎಂಬ ಕೈಪಿಡಿ ಇದಕ್ಕೆ ನೇರವಾಗಿ ನಿಯಮ ಹಾಕಿತು. ಇದರ ಪ್ರತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ 1873ರಲ್ಲಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಬಂದವರನ್ನು ಕರ್ತನೇ ಬಂದಂತೆ ಬರಮಾಡಿಕೊಳ್ಳಿ ಅನ್ನುತ್ತದೆ ಅದು. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆತ್ಮದ ಪ್ರೇರಣೆಯಿಂದ ‘ಊಟ ಬಡಿಸಿ’ ಎಂದು ಅಪ್ಪಣೆ ಕೊಟ್ಟು ತಾನೇ ಕೂತು ಉಂಡರೂ ಸುಳ್ಳೇ! ಆದರೆ ಕಷ್ಟದಲ್ಲಿರುವ ಬೇರೆಯವರಿಗಾಗಿ ಕೊಡಿ ಅಂದರೆ, ಅವನ ಬಗ್ಗೆ ಯಾರೂ ತೀರ್ಪು ಮಾಡಬಾರದು.

ನನಗೆ ಈ ಹಳೇ ಕೈಪಿಡಿ ಆಮೇಲಿನ ಎಷ್ಟೋ ದಪ್ಪ ಪುಸ್ತಕಗಳಿಗಿಂತ ಜಾಸ್ತಿ ಇಷ್ಟ. ಅದು ಬಂದವನ ಹೃದಯ ಬಗೆದು ನೋಡಲು ಹೋಗುವುದಿಲ್ಲ. ಅವನು ಏನು ಕೇಳಿದ, ಎಷ್ಟು ದಿನ ಉಳಿದ, ಅಷ್ಟೇ.

ಮುಂದಿನ ಪರೀಕ್ಷೆ ಇನ್ನೂ ಕಠಿಣ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟ್ ಪಡೆಯಬೇಕೆಂದು ಆಜ್ಞೆ ಮಾಡಿದ. ಈಜಿಪ್ಟಿನಲ್ಲಿ ಸಿಕ್ಕ ಇಂಥ ಚೀಟಿಗಳು ಇಂದಿಗೂ ಉಳಿದಿವೆ. ಕ್ರೈಸ್ತರಲ್ಲಿ ಕೆಲವರು ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ, ಲಂಚ ಕೊಟ್ಟು ಚೀಟಿ ಮಾತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು. ಇವರನ್ನು ವಾಪಸ್ ಸೇರಿಸಲೇಬಾರದು ಎಂದ ರೋಮಿನ ಪಾದ್ರಿ ನೊವೇಷಿಯನ್. ಕಾರ್ತೇಜಿನ ಬಿಷಪ್ ಸಿಪ್ರಿಯಾನ್ ಮತ್ತು ಜೊತೆಗಿನವರು 251ರಲ್ಲಿ ಸೇರಿ, ಒಬ್ಬೊಬ್ಬರ ಸಂಗತಿಯನ್ನೂ ಬೇರೆಯಾಗಿ ನೋಡೋಣ ಎಂದರು. ಚೀಟಿ ಕೊಂಡವನಿಗೂ ಬಲಿ ಕೊಟ್ಟವನಿಗೂ ಒಂದೇ ಅಳತೆ ಇಲ್ಲ. ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ಪೂರ್ತಿ ಮುಚ್ಚುವುದೂ ಇಲ್ಲ. ಹಿಂಸೆಯ ಹೊತ್ತಿನಲ್ಲಿ ಸಿಪ್ರಿಯಾನ್ ಕೂಡ ತಲೆಮರೆಸಿಕೊಂಡಿದ್ದ. ಅದಕ್ಕೆ ಅವನೂ ಜನರ ಚುಚ್ಚುಮಾತು ಕೇಳಬೇಕಾಯಿತು. ಕೊನೆಗೆ 258ರಲ್ಲಿ ನಂಬಿಕೆಗಾಗಿ ತಲೆ ಕೊಟ್ಟ.

ಆಮೇಲಿನ ಶತಮಾನಗಳಲ್ಲಿ ತಕ್ಕಡಿ ಆಗಾಗ ಒಂದೇ ಕಡೆ ವಾಲಿತು. ಜಿನೀವಾದಲ್ಲಿ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ 1541ರಲ್ಲಿ ಶುರುಮಾಡಿದ ಹಿರಿಯರ ಸಭೆ ಗುರುವಾರ ಗುರುವಾರ ಸೇರಿ ಗಂಡ-ಹೆಂಡಿರ ಜಗಳ, ಕುಣಿತ, ಚಾಡಿ ಎಲ್ಲವನ್ನೂ ವಿಚಾರಿಸುತ್ತಿತ್ತು. ಅದೇ ಕಾಲದಲ್ಲಿ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಪರೀಕ್ಷೆಯನ್ನು ಒಳಕ್ಕೆ ತಿರುಗಿಸಿದ. ನಿನ್ನ ಮನಸ್ಸಿನಲ್ಲಿ ಏಳುವ ಪ್ರೇರಣೆಗಳು ಎಲ್ಲಿಂದ ಬಂದವು, ಮೊದಲು ಅದನ್ನು ನೋಡು. ಮನಸ್ಸು ಕುಸಿದಾಗ ಹಳೇ ನಿರ್ಧಾರ ಬದಲಿಸಬೇಡ. ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆ ನಡೆಸುವ ಜೆಸ್ವಿಟ್ ಫಾದರ್‌ಗಳು ಅವನ ದಾರಿಯವರೇ.

ನಮ್ಮ ಕಡೆ ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಗೆ ಬಂತು. 1904ರಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ಬಾಸೆಲ್ ಮಿಷನ್‌ನವರು 1851ರಲ್ಲಿ ಗುಳೇದಗುಡ್ಡದಲ್ಲಿ, ಕುಪ್ಪಸದ ಕಣ ನೇಯುವ ನೇಕಾರರ ಊರಲ್ಲಿ, ನೆಲೆ ನಿಂತರು. ಶಿಸ್ತಿನಲ್ಲಿ ಅವರದು ಬಿಗಿ ಕೈ. ಸಭೆಯ ಒಳಗೆ ಜಾತಿಗೆ ಜಾಗವಿಲ್ಲ ಎಂದು ಹಟ ಹಿಡಿದರು. ಈ ತೀರ್ಪಿನಿಂದ ಒಳ್ಳೆಯದೇ ಆಯಿತು. ಆದರೆ ತಪ್ಪು ಮಾಡಿದವರನ್ನು ಕರ್ತನ ಭೋಜನದಿಂದ, ಅಂದರೆ ಆರಾಧನೆಯಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವುದರಿಂದ, ಹೊರಗಿಡುವುದೂ ಆ ಶಿಸ್ತಿನ ಭಾಗವಾಗಿತ್ತು. ಕೆಲಸ ಕೊಟ್ಟವರೂ ತೀರ್ಪು ಕೊಡುವವರೂ ಮಿಷನ್‌ನವರೇ ಆದ ಕಡೆ ಬಡ ನೇಕಾರ ಎದುರು ಮಾತಾಡುವುದು ಸುಲಭವಲ್ಲ, ಅಲ್ವಾ?

ತಪ್ಪನ್ನು ಹೇಗೆ ಕೇಳಬೇಕು ಎಂಬುದಕ್ಕೆ ಮತ್ತಾಯ 18ರಲ್ಲಿ ಕ್ರಮ ಇದೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಕೊನೆಗೆ ಸಭೆಗೆ ತಿಳಿಸು. ಈಗ ನಡೆಯುವುದು ಉಲ್ಟಾ. ಮೊದಲು ವಾಟ್ಸಾಪ್ ಗ್ರೂಪು, ಆಮೇಲೆ ಕಮಿಟಿ, ಅವನ ಮನೆಗೆ ಮಾತ್ರ ಯಾರೂ ಹೋಗಿರುವುದಿಲ್ಲ.

ಇನ್ನು ಲೆಕ್ಕದ ಮಾತು. ಯೆರೂಸಲೇಮಿನ ಬಡವರಿಗಾಗಿ ಅಪೊಸ್ತಲ ಪೌಲ ಸಭೆಗಳಿಂದ ಹಣ ಕೂಡಿಸಿದ. ಅವನ ಪತ್ರ 2 ಕೊರಿಂಥ 8ರಲ್ಲಿ ಅದರ ವಿವರವಿದೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತನ್ನ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಜನರ ಮುಂದೆಯೂ ಎಲ್ಲ ಸರಿಯಾಗಿರಬೇಕು ಎಂಬುದು ಅವನ ಮಾತು. ಅದಕ್ಕೇ ಹಣದ ಜೊತೆ ಹೋಗಲು ಸಭೆಗಳೇ ಆರಿಸಿದ ಸಹೋದರನನ್ನು ಕೂಡ ಕರೆದುಕೊಂಡ. ಯಾರಾದರೂ ಲೆಕ್ಕ ಕೇಳಲಿ ಎಂದು ಅವನು ಕಾಯಲಿಲ್ಲ.