ತಡವಾಗಿ ಬರುವ ದಂಡ ಏನನ್ನು ಕಲಿಸುತ್ತದೆ?

ದಿನವೂ ಓಡಾಡುವ ದಾರಿ. ಅಲ್ಲೊಂದು ಕೂಡುರಸ್ತೆಯಲ್ಲಿ ‘ತಿರುಗುವಂತಿಲ್ಲ’ ಎಂಬ ಫಲಕ ಹೊಸದಾಗಿ ಬಂದಿದೆ, ಮೇಲೊಂದು ಕ್ಯಾಮೆರಾ ಕೂತಿದೆ. ಚಾಲಕ ಎಂದಿನಂತೆ ಇಂಡಿಕೇಟರ್ ಹಾಕಿ ತಿರುಗುತ್ತಾನೆ. ಯಾರೂ ತಡೆಯುವುದಿಲ್ಲ, ಹಾರ್ನ್ ಕೂಡ ಕೇಳಿಸುವುದಿಲ್ಲ. ಮರುದಿನವೂ ಹಾಗೆಯೇ. ಕೆಲವು ದಿನ ಕಳೆದು ಮೊದಲ ನೋಟಿಸ್ ಕೈಸೇರುವ ಹೊತ್ತಿಗೆ ಅದರ ಹಿಂದೆ ಇನ್ನೂ ನಾಲ್ಕೈದು ನೋಟಿಸ್‌ಗಳು ಹೊರಟಿರುತ್ತವೆ. ತಪ್ಪು ನಡೆದದ್ದಕ್ಕೂ ಅದು ತಪ್ಪೆಂದು ತಿಳಿದದ್ದಕ್ಕೂ ನಡುವಿನ ಈ ದಿನಗಳನ್ನು ಗಮನಿಸದೆ ಕ್ಯಾಮೆರಾ ದಂಡದ ಪರಿಣಾಮ ಅರ್ಥವಾಗುವುದಿಲ್ಲ.

ತಿರುವನ್ನು ನಿಷೇಧಿಸಲು ಗಟ್ಟಿ ಕಾರಣವಿದೆ. ನಾಲ್ಕು ರಸ್ತೆ ಕೂಡುವ ಸಾಮಾನ್ಯ ಜಾಗದಲ್ಲಿ ವಾಹನಗಳ ಹಾದಿಗಳು ಒಂದಕ್ಕೊಂದು ತಾಗುವ ಬಿಂದುಗಳು 32. ಅವುಗಳಲ್ಲಿ 16 ಕಡೆ ಹಾದಿಗಳು ಅಡ್ಡಡ್ಡ ಹಾಯುತ್ತವೆ. ಭೀಕರ ಅಪಘಾತಗಳ ಭಯ ಹೆಚ್ಚಿರುವುದು ಅಲ್ಲೇ. ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವ ದೇಶಗಳಲ್ಲಿ ಬಲತಿರುವು, ಬಲಬದಿಯಲ್ಲಿ ಓಡಿಸುವ ಕಡೆ ಎಡತಿರುವು, ಎದುರಿನ ವಾಹನಗಳ ಹಾದಿಯನ್ನು ಕತ್ತರಿಸಿಯೇ ಸಾಗಬೇಕು. ನಾಲ್ಕೂ ದಿಕ್ಕಿನಲ್ಲಿ ಅಂಥ ತಿರುವನ್ನು ತೆಗೆದುಹಾಕಿದರೆ ಆ 16ರಲ್ಲಿ ಉಳಿಯುವುದು ಬರೀ 4. ನಿಯಮ ಪಾಲಿಸಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ರಸ್ತೆಯ ಕ್ಯಾಮೆರಾಗಳ ಮೂಲದಲ್ಲೂ ಒಂದು ತಿರುವಿನ ಕಥೆಯಿದೆ. 1953ರ ಮಾಂಟೆ ಕಾರ್ಲೊ ರ‍್ಯಾಲಿ ಎಂಬ ಕಾರು ಸ್ಪರ್ಧೆ ಗೆದ್ದ ಡಚ್ ಚಾಲಕ ಮೌರಿಟ್ಸ್ ಗಾಟ್ಸೊನೀಡ್ಸ್ ವೇಗ ಅಳೆಯುವ ಸಾಧನ ತಯಾರಿಸಿದ್ದು ಪೊಲೀಸರಿಗಾಗಿ ಅಲ್ಲ. ತಿರುವುಗಳಲ್ಲಿ ತನ್ನ ವೇಗ ಎಷ್ಟಿದೆ, ಅದನ್ನು ಹೆಚ್ಚಿಸುವುದು ಹೇಗೆ ಎಂದು ಅವರಿಗೆ ತಿಳಿಯಬೇಕಿತ್ತು. ಅಂದರೆ ಆ ಯಂತ್ರ ಹುಟ್ಟಿದ್ದೇ ಚಾಲಕನಿಗೆ ಅವನ ಓಟದ ಫಲವನ್ನು ಬೇಗ ತಿಳಿಸಲಿಕ್ಕೆ. ಇಂದಿನ ಕ್ಯಾಮೆರಾ ವಾಹನ ಕೂಡುರಸ್ತೆಯನ್ನು ಎಲ್ಲಿಂದ ಹೊಕ್ಕಿತು, ಎಲ್ಲಿಂದ ಹೊರಬಿತ್ತು ಎಂಬುದನ್ನು ಹಿಂಬಾಲಿಸುತ್ತದೆ, ನಂಬರ್ ಪ್ಲೇಟ್ ಓದುತ್ತದೆ. ಆದರೆ ತಿಳಿದದ್ದನ್ನು ಆ ಗಳಿಗೆಯಲ್ಲಿ ಚಾಲಕನಿಗೆ ಹೇಳುವುದಿಲ್ಲ.

ಶಿಕ್ಷೆಯ ಕಠೋರತೆಗಿಂತ ಅದು ಖಚಿತವಾಗಿ ಮತ್ತು ತಡವಿಲ್ಲದೆ ಬರುವುದೇ ಮುಖ್ಯ ಎಂದು ಇಟಲಿಯ ಚಿಂತಕ ಚೆಸಾರೆ ಬೆಕಾರಿಯಾ 1764ರಲ್ಲೇ ವಾದಿಸಿದ್ದರು. ಕ್ಯಾಮೆರಾ ಇದರಲ್ಲಿ ಅರ್ಧವನ್ನು ಚೆನ್ನಾಗಿ ಮಾಡುತ್ತದೆ. ಅದಕ್ಕೆ ಸುಸ್ತಿಲ್ಲ, ಶಿಫಾರಸು ತಲುಪುವುದಿಲ್ಲ, ಸಿಕ್ಕಿಬೀಳುವುದು ಬಹುಮಟ್ಟಿಗೆ ಖಚಿತ. ಉಳಿದರ್ಧದಲ್ಲಿ ಅದು ಸೋಲುತ್ತದೆ. ಒಂದು ಕ್ರಿಯೆಗೂ ಅದರ ಫಲಕ್ಕೂ ನಡುವೆ ಸಮಯ ಬೆಳೆದಷ್ಟೂ ಕಲಿಕೆ ದುರ್ಬಲವಾಗುತ್ತದೆ ಎಂಬುದು ಮನೋವಿಜ್ಞಾನದ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿದ ಸಂಗತಿ. ಮನುಷ್ಯ ಓದಬಲ್ಲ, ನೋಟಿಸಿನಲ್ಲಿರುವ ದಿನಾಂಕ ನೋಡಿ ಕಾರಣ ತಿಳಿಯಬಲ್ಲ, ನಿಜ. ಆದರೆ ಆ ತಿರುವಿನ ಗಳಿಗೆ ಅವನ ನೆನಪಿನಲ್ಲೇ ಇರುವುದಿಲ್ಲ. ಕೈ ತಾನಾಗಿ ಸ್ಟೀರಿಂಗ್ ತಿರುಗಿಸಿತ್ತು, ಮನಸ್ಸು ಬೇರೆಲ್ಲೋ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ ಕೈತಪ್ಪು, ಮರೆವು, ತಪ್ಪುಗ್ರಹಿಕೆಗಳನ್ನು ಬೇಕೆಂದೇ ಮಾಡುವ ಉಲ್ಲಂಘನೆಯಿಂದ ಬೇರ್ಪಡಿಸಿದರು. ಫಲಕ ನೋಡಿಯೂ ನುಗ್ಗುವವನು ಲೆಕ್ಕ ಹಾಕುತ್ತಾನೆ. ದಂಡ ಆ ಲೆಕ್ಕವನ್ನು ಬದಲಿಸುತ್ತದೆ. ಫಲಕವನ್ನೇ ಕಾಣದವನ ತಲೆಯಲ್ಲಿ ಬದಲಿಸಲು ಲೆಕ್ಕವೇ ಇಲ್ಲ. ಹಾಗಾದರೆ ಕಾಣಲಿಲ್ಲ ಎನ್ನುವುದು ಬರೀ ನೆಪವೇ? 1999ರಲ್ಲಿ ಮನೋವಿಜ್ಞಾನಿಗಳಾದ ಸೈಮನ್ಸ್ ಮತ್ತು ಶಬ್ರಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಡಿಯೊ ನೋಡುತ್ತಾ ಚೆಂಡು ಎಷ್ಟು ಸಲ ಕೈ ಬದಲಾಯಿಸಿತೆಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ, ಅದೇ ದೃಶ್ಯದ ನಡುವೆ ನಡೆದುಹೋದ ಗೊರಿಲ್ಲಾ ವೇಷಧಾರಿಯನ್ನು ಗಮನಿಸಲೇ ಇಲ್ಲ. ಎದುರಿನ ವಾಹನ, ಪಾದಚಾರಿ, ಸಿಗ್ನಲ್ ಮೂರನ್ನೂ ಒಟ್ಟಿಗೆ ನೋಡುತ್ತಿರುವ ಚಾಲಕನಿಗೆ ಕಂಬದ ಮೇಲಿನ ಹೊಸ ಫಲಕ ಕಣ್ಣಿಗೆ ಬಿದ್ದೂ ಗಮನಕ್ಕೆ ಬಾರದಿರುವುದು ಅಸಹಜವಲ್ಲ. ನನ್ನ ಅನಿಸಿಕೆಯಲ್ಲಿ, ಹತ್ತು ವರ್ಷದಿಂದ ಅದೇ ದಾರಿಯಲ್ಲಿ ತಿರುಗಿದವನು ಊರಿಗೆ ಹೊಸಬನಿಗಿಂತ ಇದಕ್ಕೆ ಬೇಗ ಸಿಕ್ಕಿಬೀಳುತ್ತಾನೆ. ಹೊಸಬ ದಾರಿ ಹುಡುಕುತ್ತಾ ಫಲಕಗಳನ್ನು ಓದುತ್ತಾನಲ್ಲ.

ಉದ್ದೇಶಪೂರ್ವಕವಾಗಿ ತಿರುಗುವವರಲ್ಲೂ ದಂಡ ಒಮ್ಮೊಮ್ಮೆ ಉಲ್ಟಾ ಹೊಡೆಯಬಹುದು. ಇಸ್ರೇಲಿನ ಹೈಫಾದ 10 ಶಿಶುಪಾಲನಾ ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದನ್ನು ಅರ್ಥಶಾಸ್ತ್ರಜ್ಞರಾದ ಗ್ನೀಝಿ ಮತ್ತು ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ 6 ಕೇಂದ್ರಗಳು ಸಣ್ಣ ದಂಡ ಹಾಕಿದವು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದ ಮೇಲೂ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಸಂಕೋಚವಿದ್ದ ಕಡೆ ಬೆಲೆ ಬಂದು ಕೂತಿತ್ತು. ಗಳಿಗೆ ಗಳಿಗೆಗೂ ದುಡ್ಡಿನ ಲೆಕ್ಕವಿರುವ ಅನುಕೂಲಸ್ಥ ಚಾಲಕನಿಗೆ ನಿಷೇಧಿತ ತಿರುವಿನ ದಂಡವೂ ಹಾಗೆ ಒಂದು ಸುಂಕದಂತೆ ಕಾಣಬಹುದು. ಅದೇ ಮೊತ್ತ ದಿನಗೂಲಿಯವನ ಮನೆಯ ಲೆಕ್ಕವನ್ನೇ ಕೆಡಿಸುತ್ತದೆ. ಈ ಅಸಮಾನತೆ ನನ್ನನ್ನು ಬಹಳವಾಗಿ ಕಾಡುತ್ತದೆ. ಫಿನ್ಲೆಂಡ್‌ನಲ್ಲಿ ಗಂಭೀರ ವೇಗಮಿತಿ ಉಲ್ಲಂಘನೆಗೆ ಆದಾಯಕ್ಕೆ ತಕ್ಕಂತೆ ದಂಡ ವಿಧಿಸುವ ಪದ್ಧತಿ ಇದೆ.

ಕ್ಯಾಮೆರಾದಿಂದ ಪ್ರಯೋಜನವಿಲ್ಲ ಎನ್ನುತ್ತಿಲ್ಲ. ಕೆಂಪು ಸಿಗ್ನಲ್ ದಾಟುವವರನ್ನು ಹಿಡಿಯುವ ಕ್ಯಾಮೆರಾಗಳ ಬಗ್ಗೆ ಅಮೆರಿಕದ ಹೆದ್ದಾರಿ ಆಡಳಿತ 2005ರಲ್ಲಿ ಹೊರತಂದ ಅಧ್ಯಯನ 132 ಕೂಡುರಸ್ತೆಗಳನ್ನು ಪರಿಶೀಲಿಸಿತ್ತು. ಅಡ್ಡದಿಂದ ಗುದ್ದುವ ಅಪಘಾತಗಳು ಸುಮಾರು 25 ಶೇಕಡಾ ಇಳಿದಿದ್ದವು, ಹಿಂದಿನಿಂದ ಗುದ್ದುವವು ಸುಮಾರು 15 ಶೇಕಡಾ ಏರಿದ್ದವು. ದಂಡದ ಭಯದಲ್ಲಿ ಗಕ್ಕನೆ ಬ್ರೇಕ್ ತುಳಿದರೆ ಹಿಂದಿನವನಿಗೆ ನಿಲ್ಲಲು ಜಾಗ ಸಾಲದು. ನಿಷೇಧಿತ ತಿರುವಿನಲ್ಲೂ ಅರ್ಧ ತಿರುಗಿದ ಮೇಲೆ ಕ್ಯಾಮೆರಾ ಕಂಡು ಸ್ಟೀರಿಂಗ್ ನೇರ ಮಾಡುವವರಿಂದ ಅಂಥದೇ ಅಪಾಯ ಇರುವುದು ಸಹಜ.

ಇಂಗ್ಲೆಂಡಿನಲ್ಲಿ ಲಂಡನ್ ಹೊರಗಿನ ಸ್ಥಳೀಯ ಆಡಳಿತಗಳಿಗೂ ಇಂಥ ತಿರುವುಗಳಿಗೆ ದಂಡ ಹಾಕುವ ಅವಕಾಶ 2022ರ ಮೇ 31ರಿಂದ ಸಿಕ್ಕಿದೆ. ಹೊಸ ಕ್ಯಾಮೆರಾ ಬಂದ ಜಾಗದಲ್ಲಿ ಮೊದಲ 6 ತಿಂಗಳು, ಮೊದಲ ಸಲ ತಪ್ಪಿದವರಿಗೆ ಎಚ್ಚರಿಕೆಯ ಪತ್ರ ಮಾತ್ರ ಹೋಗಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಕಲಿಯಲು ಸಮಯ ಕೊಡುವ ಈ ಕ್ರಮ ನನಗೆ ಸರಿಯೆನಿಸುತ್ತದೆ.

ಒಂದು ಕೂಡುರಸ್ತೆಯಲ್ಲಿ ಅವೇ ವಾಹನಗಳು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರೆ ಅಲ್ಲಿರುವುದು ಉಲ್ಲಂಘನೆ. ಅಲ್ಲಿ ದಂಡ ಏರಲಿ. ತಿಂಗಳು ತಿಂಗಳೂ ಹೊಸ ಹೊಸ ನಂಬರ್‌ಗಳು, ಎಲ್ಲವೂ ಮೊದಲ ಸಲದವೇ ಬರುತ್ತಿದ್ದರೆ ಫಲಕ ಕೊಂಬೆಯ ಮರೆಯಲ್ಲಿದೆಯೇ, ತಿರುಗಿದ ಮೇಲಷ್ಟೇ ಕಾಣುತ್ತಿದೆಯೇ, ಮೊಬೈಲ್ ನಕ್ಷೆ ಇನ್ನೂ ಆ ದಾರಿಯನ್ನೇ ತೋರಿಸುತ್ತಿದೆಯೇ ಎಂದು ಯಾರಾದರೂ ಅಲ್ಲಿಗೆ ಹೋಗಿ ನೋಡಬೇಕು. ಈ ಎರಡು ಪಟ್ಟಿಗಳನ್ನು ಬೇರೆ ಮಾಡಲು ಹೊಸ ಯಂತ್ರವೇನೂ ಬೇಡ, ಬೇಕಾದ ನಂಬರ್‌ಗಳನ್ನೆಲ್ಲ ಕ್ಯಾಮೆರಾ ಆಗಲೇ ಓದಿಟ್ಟಿದೆ.