ಪದ ಪರಿಚಯ: ಸೆಕೆಂಡ್ ಸೀಸನ್ ಸಿಂಡ್ರೋಮ್

ಒಂದು ಸೀಸನ್‌ನಲ್ಲಿ ಯಾರೂ ಎಣಿಸದಷ್ಟು ಮೇಲೆ ಹೋದ ಫುಟ್‌ಬಾಲ್ ತಂಡ ಮರುವರ್ಷವೇ ಜಾರಿ ಬೀಳುವುದಕ್ಕೆ ಸೆಕೆಂಡ್ ಸೀಸನ್ ಸಿಂಡ್ರೋಮ್ ಎನ್ನುತ್ತಾರೆ. ಕೆಳಗಿನ ಡಿವಿಜನ್‌ನಿಂದ ಬಡ್ತಿ ಪಡೆದು ಬಂದು, ಮೊದಲ ವರ್ಷ ಮಿಂಚಿ, ಎರಡನೇ ವರ್ಷ ಒದ್ದಾಡುವ ತಂಡಕ್ಕೆ ಅಂಟಿಕೊಂಡ ಹೆಸರು ಇದು. ಈಗ ಅಚ್ಚರಿಯ ಚಾಂಪಿಯನ್‌ಗಳಿಗೂ, ಎಲ್ಲಿಂದಲೋ ಎದ್ದು ಫೈನಲ್ ಮುಟ್ಟಿದವರಿಗೂ ಬಳಸುತ್ತಾರೆ.

ಮೈಸೂರಿನಲ್ಲಿ ಈ ಚರ್ಚೆ ಕಾವೇರುವುದು ಜುಲೈ ಕೊನೆಯಿಂದ. ಟರ್ಫ್‌ನಲ್ಲಿ ಆಡಿ ಬೆವರು ಒರೆಸಿಕೊಳ್ಳುತ್ತಾ, ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಟೀ ಹಿಡಿದು ನಿಂತವರ ನಡುವೆ ಒಂದೇ ಪ್ರಶ್ನೆ: ‘ಈ ಸಲ ನಮ್ ಟೀಮು ತಡ್ಕೊಳತ್ತಾ?’ ಒಬ್ಬರು ‘ಈ ಸಲ ಕಪ್ ನಮ್ದೇ’ ಅಂದರೆ, ಪಕ್ಕದವರು ‘ಇವರಿಗೆ ಪ್ರೆಶರ್ ತಗೊಳಕ್ಕಾಗಲ್ಲ ಬಿಡಪ್ಪಾ’ ಅನ್ನುತ್ತಾರೆ. ಇಬ್ಬರೂ ಮಾತಾಡುತ್ತಿರುವುದು ಆಟಗಾರರ ಮನಸ್ಸಿನ ಬಗ್ಗೆ. ಮನಸ್ಸಿನ ಪಾತ್ರ ಇಲ್ಲವೇ ಇಲ್ಲ ಎಂದಲ್ಲ. ಆದರೆ ನಿರೀಕ್ಷೆಯ ಭಾರ ತಲೆಗೆ ಏರುವ ಮೊದಲೇ ಕುಸಿತದ ಕಾರಣಗಳು ಎದುರಾಳಿಯ ಆಟದಲ್ಲಿ, ಪಂದ್ಯಗಳ ಕ್ಯಾಲೆಂಡರ್‌ನಲ್ಲಿ, ಕಳೆದ ವರ್ಷದ ಗೋಲಿನ ಲೆಕ್ಕದಲ್ಲಿ ಕಾಣಿಸಿಕೊಂಡಿರುತ್ತವೆ. ಅವನ್ನು ಯಾರು ಬೇಕಾದರೂ ನೋಡಬಹುದು, ಎಣಿಸಬಹುದು. ಅದನ್ನು ಬಿಟ್ಟು ‘ಗುಂಡಿಗೆ ಇಲ್ಲ’ ಎಂದು ಆಟಗಾರರನ್ನು ಬೈಯುವುದು ಅನ್ಯಾಯ.

ಇದಕ್ಕೆ ಗಟ್ಟಿ ಸಾಕ್ಷಿ ಶೆಫೀಲ್ಡ್ ಯುನೈಟೆಡ್. ಕ್ರಿಸ್ ವೈಲ್ಡರ್ ಕೋಚ್ ಆಗಿದ್ದ ಈ ತಂಡ 2019-20ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ಡಿವಿಜನ್ ಆದ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದು ಬಂದ ಮೊದಲ ವರ್ಷವೇ 54 ಪಾಯಿಂಟ್ ಗಳಿಸಿ 9ನೇ ಸ್ಥಾನ ಹಿಡಿಯಿತು. ಮರುವರ್ಷ 23 ಪಾಯಿಂಟ್, ಕಟ್ಟಕಡೆಯ ಸ್ಥಾನ. ಮೊದಲ ಗೆಲುವು ಬಂದದ್ದು 18ನೇ ಪಂದ್ಯದಲ್ಲಿ, 2021ರ ಜನವರಿಯಲ್ಲಿ. ಆ ಸೀಸನ್ ಕೋವಿಡ್ ಕಾಲದ್ದು, ಸ್ಟೇಡಿಯಂಗಳು ಹೆಚ್ಚುಕಡಿಮೆ ಖಾಲಿ. ಕೂಗುವ, ಗೊಣಗುವ, ನಿಟ್ಟುಸಿರು ಬಿಡುವ ಅಭಿಮಾನಿಗಳೇ ಮೈದಾನದಲ್ಲಿ ಇರಲಿಲ್ಲ. ಹಾಗಿದ್ದರೂ ತಂಡ ಕುಸಿಯಿತು. ಏಕೆ?

ಶೆಫೀಲ್ಡ್‌ನ ಗುಟ್ಟು ‘ಓವರ್‌ಲ್ಯಾಪಿಂಗ್ ಸೆಂಟರ್‌ಬ್ಯಾಕ್’. ಮೂವರು ಸೆಂಟರ್‌ಬ್ಯಾಕ್‌ಗಳಲ್ಲಿ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳು) ಎಡಬಲದ ಇಬ್ಬರು, ಅಂದರೆ ಎಡಕ್ಕೆ ಜ್ಯಾಕ್ ಓ’ಕಾನೆಲ್, ಬಲಕ್ಕೆ ಕ್ರಿಸ್ ಬ್ಯಾಷಮ್, ಮೈದಾನದ ಅಂಚಿನಲ್ಲಿ ಆಡುವ ತಮ್ಮ ವಿಂಗ್‌ಬ್ಯಾಕ್‌ನನ್ನೂ ದಾಟಿ ಹೊರಗಿನಿಂದ ಮುಂದೆ ಓಡುತ್ತಿದ್ದರು. ಎದುರಾಳಿಯ ವಿಂಗರ್ ತನ್ನ ಮುಂದಿರುವ ವಿಂಗ್‌ಬ್ಯಾಕ್‌ನನ್ನು ನೋಡಿಕೊಳ್ಳಬೇಕೋ, ಹಿಂದಿನಿಂದ ಬರುತ್ತಿರುವ ಸೆಂಟರ್‌ಬ್ಯಾಕ್‌ನನ್ನು ಹಿಡಿಯಬೇಕೋ ತಿಳಿಯದೆ ಅರ್ಧ ಸೆಕೆಂಡ್ ನಿಲ್ಲುತ್ತಿದ್ದ. ಆ ಅರ್ಧ ಸೆಕೆಂಡಿನಲ್ಲಿ ಕ್ರಾಸ್, ಅಂದರೆ ಅಂಚಿನಿಂದ ಹೊಡೆದ ಚೆಂಡು, ಗೋಲಿನ ಮುಂದಿನ ಬಾಕ್ಸ್‌ನೊಳಕ್ಕೆ ಹೋಗಿರುತ್ತಿತ್ತು. ಓಡಿದವನ ಖಾಲಿ ಜಾಗಕ್ಕೆ ಮಿಡ್‌ಫೀಲ್ಡರ್ ಒಬ್ಬ ಇಳಿದು ನಿಲ್ಲಬೇಕು. ಇಡೀ ಯೋಜನೆ ನಿಂತಿರುವುದು ಆ ಅದಲುಬದಲಿನ ಸಮಯದ ಮೇಲೆ.

ಎರಡನೇ ವರ್ಷ ಎದುರಾಳಿ ಕೋಚ್‌ಗಳ ಕೈಯಲ್ಲಿ ಇದರ 38 ಪಂದ್ಯಗಳ ವಿಡಿಯೊ ಇತ್ತು. ಒಬ್ಬ ಫಾರ್ವರ್ಡ್‌ನನ್ನು ಕೆಳಗೆ ಇಳಿಸದೆ ಮೇಲೇ ನಿಲ್ಲಿಸಿದರೆ ಸಾಕು, ಮುಂದೆ ಓಡಿದ ಸೆಂಟರ್‌ಬ್ಯಾಕ್‌ನ ಬೆನ್ನ ಹಿಂದಿನ ಜಾಗ ಅವನದ್ದು. ಅದರ ಮೇಲೆ ಓ’ಕಾನೆಲ್ ಎರಡು ಪಂದ್ಯ ಆಡಿ ಮೊಣಕಾಲಿನ ಗಾಯದಿಂದ ಇಡೀ ಸೀಸನ್‌ಗೆ ಹೊರಗೆ. ಅದೇ ಕೆಲಸವನ್ನು ಅವನಷ್ಟು ಚೆನ್ನಾಗಿ ಮಾಡಬಲ್ಲ ಇನ್ನೊಬ್ಬ ಸ್ಕ್ವಾಡ್‌ನಲ್ಲಿ ಇರಲಿಲ್ಲ. ಲೋನ್ ಮೇಲೆ, ಅಂದರೆ ಎರವಲಾಗಿ ಬಂದಿದ್ದ ಗೋಲ್‌ಕೀಪರ್ ಡೀನ್ ಹೆಂಡರ್ಸನ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮರಳಿದ್ದ. ಹಿಂದಿನ ವರ್ಷ 39 ಗೋಲು ಹೊಡೆದು 39 ಬಿಟ್ಟುಕೊಟ್ಟಿದ್ದ ತಂಡ ಈಗ ಹೊಡೆದದ್ದು 20, ಬಿಟ್ಟದ್ದು 63.

ಲೆಸ್ಟರ್ ಸಿಟಿಯದ್ದು ಇನ್ನೊಂದು ಬಗೆ. 2015-16ರಲ್ಲಿ 81 ಪಾಯಿಂಟ್‌ನೊಂದಿಗೆ ಚಾಂಪಿಯನ್, ಮರುವರ್ಷ 44 ಪಾಯಿಂಟ್, 12ನೇ ಸ್ಥಾನ. ಕೋಚ್ ಕ್ಲಾಡಿಯೊ ರಾನಿಯೇರಿಯನ್ನು 2017ರ ಫೆಬ್ರುವರಿಯಲ್ಲಿ ತೆಗೆದುಹಾಕಿದರು. ಗೆದ್ದ ವರ್ಷದಲ್ಲಿ ಎದುರಾಳಿಗಳು ಲೆಸ್ಟರ್ ಮೇಲೆ ಏರಿ ಬರುತ್ತಿದ್ದರು. ಅವರ ಹಿಂದೆ ತೆರೆದುಕೊಂಡ ಜಾಗಕ್ಕೆ ಜೇಮಿ ವಾರ್ಡಿ ನುಗ್ಗುತ್ತಿದ್ದ. ಆ ವರ್ಷ ಅವನ ಲೀಗ್ ಗೋಲು 24. ಚಾಂಪಿಯನ್ ಮೇಲೆ ಯಾರು ಏರಿ ಬರುತ್ತಾರೆ? ಎಲ್ಲರೂ ತಮ್ಮ ಬಾಕ್ಸ್ ಮುಂದೆ ಎರಡು ಸಾಲು ಕಟ್ಟಿ ಕೂತರು. ನುಗ್ಗಲು ಜಾಗವಿಲ್ಲ, ವಾರ್ಡಿಯ ಗೋಲು 13ಕ್ಕೆ ಇಳಿಯಿತು. ಮಧ್ಯದಲ್ಲಿ ಚೆಂಡು ಕಸಿಯುತ್ತಿದ್ದ ಎನ್’ಗೊಲೊ ಕಾಂಟೆ ಚೆಲ್ಸಿಗೆ ಹೋದ, ಚೆಲ್ಸಿ ಆ ವರ್ಷ 93 ಪಾಯಿಂಟ್‌ನೊಂದಿಗೆ ಲೀಗ್ ಗೆದ್ದಿತು. ಸಾಲದ್ದಕ್ಕೆ ಯೂರೋಪಿನ ಅಗ್ರ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ 10 ಪಂದ್ಯ.

ಈ ಹೆಚ್ಚುವರಿ ಪಂದ್ಯಗಳ ಹೊರೆಯನ್ನು ಅಭಿಮಾನಿಗಳು ಬಹಳ ಕಡಿಮೆ ಅಂದಾಜು ಮಾಡುತ್ತಾರೆ. ಯೂರೋಪಿನ ಪಂದ್ಯ ಎಂದರೆ ನಮಗೆ ರಾತ್ರಿ 1.30ಕ್ಕೆ ಎದ್ದು ಕೂರುವ ಖುಷಿ. ತಂಡಕ್ಕೆ ಅದು ಎಷ್ಟೋ ಸಲ ಗುರುವಾರ ರಾತ್ರಿ ಆಟ, ಶುಕ್ರವಾರ ಪ್ರಯಾಣ ಮತ್ತು ವಿಶ್ರಾಂತಿ, ಶನಿವಾರ ಹಗುರವಾದ ಅಭ್ಯಾಸ, ಭಾನುವಾರ ಮತ್ತೆ ಲೀಗ್ ಪಂದ್ಯ. ಹೊಸ ಎದುರಾಳಿಯ ವಿರುದ್ಧ ಹೊಸ ಯೋಜನೆಯನ್ನು ಆಟಗಾರರಿಗೆ ಕಲಿಸಲು ಕೋಚ್‌ಗೆ ಪೂರ್ತಿ ಒಂದು ದಿನವೂ ಸಿಗುವುದಿಲ್ಲ. ಇಪ್ಸ್‌ವಿಚ್ ಟೌನ್ 2000-01ರಲ್ಲಿ ಬಡ್ತಿ ಪಡೆದ ವರ್ಷವೇ 66 ಪಾಯಿಂಟ್‌ನೊಂದಿಗೆ 5ನೇ ಸ್ಥಾನಕ್ಕೆ ಏರಿ ಯುಇಎಫ್‌ಎ ಕಪ್‌ಗೆ (ಈಗಿನ ಯುರೋಪಾ ಲೀಗ್) ಹೋಯಿತು. ಅಲ್ಲಿ ತನ್ನ ಮೈದಾನದಲ್ಲಿ ಇಂಟರ್ ಮಿಲಾನ್‌ನನ್ನು 1-0ಯಿಂದ ಸೋಲಿಸಿತು, ಮಿಲಾನ್‌ನಲ್ಲಿ 4-1ರಿಂದ ಸೋತಿತು. ಆ ಸೀಸನ್ ಮುಗಿದಾಗ ಲೀಗ್‌ನಲ್ಲಿ 36 ಪಾಯಿಂಟ್, 18ನೇ ಸ್ಥಾನ, ಕೆಳ ಡಿವಿಜನ್. ನ್ಯೂಕ್ಯಾಸಲ್ ಅಷ್ಟು ಬೀಳಲಿಲ್ಲ. ಚಾಂಪಿಯನ್ಸ್ ಲೀಗ್ ಆಡಿದ 2023-24ರಲ್ಲಿ 71ರಿಂದ 60 ಪಾಯಿಂಟ್‌ಗೆ, 4ರಿಂದ 7ನೇ ಸ್ಥಾನಕ್ಕೆ ಇಳಿಯಿತು. ದೊಡ್ಡ ಸ್ಕ್ವಾಡ್ ಇದ್ದರೆ ಪೆಟ್ಟು ಸಣ್ಣದಾಗುತ್ತದೆ, ತಪ್ಪುವುದಿಲ್ಲ.

ಇನ್ನು ಲೆಕ್ಕದ ವಿಷಯ. ಇದು ಸ್ವಲ್ಪ ನಿಧಾನವಾಗಿ ಓದುವಂಥದ್ದು, ಆದರೆ ಚರ್ಚೆಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವುದು ಬೇರೆ ಇಲ್ಲ.

ಗೆದ್ದರೆ 3, ಡ್ರಾ ಆದರೆ ಇಬ್ಬರಿಗೂ ಒಂದೊಂದು. ಸುಮಾರು ಕಾಲು ಭಾಗದಷ್ಟು ಪಂದ್ಯಗಳು ಡ್ರಾ ಆಗುವುದರಿಂದ ಒಂದು ತಂಡಕ್ಕೆ ಪಂದ್ಯಕ್ಕೆ ಸರಾಸರಿ 1.37 ಪಾಯಿಂಟ್ ಬೀಳುತ್ತದೆ. 38 ಪಂದ್ಯಕ್ಕೆ 52. ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆಯಿರಿ. ಆ ವ್ಯತ್ಯಾಸದ ಮೂರನೇ ಎರಡು ಭಾಗವನ್ನು 52ಕ್ಕೆ ಕೂಡಿಸಿ. ವ್ಯತ್ಯಾಸ ಮೈನಸ್ ಇದ್ದರೆ ಕಳೆಯಿರಿ. ಬರುವ ಸಂಖ್ಯೆ ಆ ತಂಡದ ಆಟಕ್ಕೆ ತಕ್ಕ ಪಾಯಿಂಟ್. ಕುಸಿದ ಶೆಫೀಲ್ಡ್‌ಗೆ ಹಾಕಿ ನೋಡಿ: ಮೈನಸ್ 43, ಅಂದರೆ 52ರಿಂದ 29 ಕಳೆದರೆ 23. ಗಳಿಸಿದ್ದೂ 23. ಕೆಳಗಿಳಿದ ಇಪ್ಸ್‌ವಿಚ್ 41 ಹೊಡೆದು 64 ಬಿಟ್ಟಿತ್ತು. ಲೆಕ್ಕ 37 ಎನ್ನುತ್ತದೆ, ಗಳಿಸಿದ್ದು 36.

ಈಗ ಚಾಂಪಿಯನ್ ವರ್ಷದ ಲೆಸ್ಟರ್. 68 ಹೊಡೆದು 36 ಬಿಟ್ಟದ್ದು, ಪ್ಲಸ್ 32. ಲೆಕ್ಕ ಹೇಳುವುದು 73, ಗಳಿಸಿದ್ದು 81. ಆ ಎಂಟು ಪಾಯಿಂಟ್ ಬಂದದ್ದು ಒಂದೇ ಗೋಲಿನ ಅಂತರದಲ್ಲಿ ಕೈಗೆ ಸಿಕ್ಕ ಗೆಲುವುಗಳಿಂದ. ಅಂಥ ಗೆಲುವುಗಳು ಮರುವರ್ಷ ಅದೇ ಸಂಖ್ಯೆಯಲ್ಲಿ ಬರುವುದಿಲ್ಲ. ಕೋಚ್ ಅಲೆಕ್ಸ್ ಫರ್ಗ್ಯುಸನ್‌ರ ಕೊನೆಯ ವರ್ಷ, 2012-13ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಹಾಗೆಯೇ: 86 ಹೊಡೆದು 43 ಬಿಟ್ಟಿತ್ತು, ಲೆಕ್ಕಕ್ಕೆ 81, ಗಳಿಸಿದ್ದು 89. ಮುಂದಿನ ವರ್ಷ ಡೇವಿಡ್ ಮೋಯ್ಸ್ ಬಂದಾಗ ತಂಡ 64 ಪಾಯಿಂಟ್‌ಗೆ ಇಳಿದು 7ನೇ ಸ್ಥಾನಕ್ಕೆ ಬಿತ್ತು. ಅಷ್ಟು ದೊಡ್ಡ ಕುಸಿತಕ್ಕೆ ಕೋಚ್ ಬದಲಾದದ್ದು ಮುಖ್ಯ ಕಾರಣವೇ. ಆದರೆ ಮೊದಲ ಎಂಟು ಪಾಯಿಂಟ್ ಮೋಯ್ಸ್ ಬರುವ ಮುಂಚೆಯೇ ಜಾರಲು ಸಿದ್ಧವಾಗಿತ್ತು. ಹಾಗಾಗಿ ಕಳೆದ ವರ್ಷದ ಟೇಬಲ್ ಹಿಡಿದು ನಿರೀಕ್ಷೆ ಕಟ್ಟುವ ಬದಲು ಈ ಲೆಕ್ಕದ ಸಂಖ್ಯೆ ಹಿಡಿದು ಕಟ್ಟಿ. ಲೆಕ್ಕಕ್ಕಿಂತ ಗಳಿಕೆ ಐದಾರು ಪಾಯಿಂಟ್ ಮೇಲಿದ್ದರೆ ಅಷ್ಟನ್ನು ಮೊದಲೇ ಕಳೆದುಬಿಡಿ.

ಎಕ್ಸ್‌ಜಿ ಅಂದರೆ ನಿರೀಕ್ಷಿತ ಗೋಲು ಇದರ ಇನ್ನಷ್ಟು ಸೂಕ್ಷ್ಮ ರೂಪ. ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆಯನ್ನು ಕೂಡಿಸಿ ತೆಗೆಯುವ ಸಂಖ್ಯೆ. ಪೆನಾಲ್ಟಿಗೆ ಸುಮಾರು 0.78. ಎಕ್ಸ್‌ಜಿ 45 ಇದ್ದು 58 ಗೋಲು ಹೊಡೆದ ತಂಡದ ಸ್ಟ್ರೈಕರ್‌ನನ್ನು ನಂಬಿ ಪಂಥ ಕಟ್ಟಬಾರದು.

ನಮ್ಮ ಬೆಂಗಳೂರು ಎಫ್‌ಸಿ ಕಡೆಗೆ ಬರೋಣ. ಶನಿವಾರ ಮಧ್ಯಾಹ್ನ ಮೈಸೂರಿನಿಂದ ರೈಲು ಹತ್ತಿ ಕಂಠೀರವಕ್ಕೆ ಹೋಗಿ ನಡುರಾತ್ರಿ ದಾಟಿದ ಮೇಲೆ ಮನೆ ಸೇರುವವರಿಗೆ ಈ ತಂಡದ ಏರಿಳಿತ ಬಾಯಿಪಾಠ. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಮೊದಲ ವರ್ಷ, 2017-18ರಲ್ಲಿ, 18 ಪಂದ್ಯಕ್ಕೆ 40 ಪಾಯಿಂಟ್ ಗಳಿಸಿ ಲೀಗ್‌ನಲ್ಲಿ ಮೊದಲು. ಫೈನಲ್‌ನಲ್ಲಿ ಚೆನ್ನೈಯಿನ್ ವಿರುದ್ಧ 3-2ರ ಸೋಲು. ಎರಡನೇ ವರ್ಷ ಸಿಂಡ್ರೋಮ್ ಹತ್ತಿರ ಸುಳಿಯಲಿಲ್ಲ. ಆಲ್ಬರ್ಟ್ ರೋಕಾ ಹೋದ ಮೇಲೆ ಅವರ ಸಹಾಯಕನೇ ಆಗಿದ್ದ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು, ಆಟದ ರೀತಿ ಕೈತಪ್ಪಲಿಲ್ಲ, ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಹೆಡ್ಡರ್‌ನಿಂದ ಗೋವಾವನ್ನು ಸೋಲಿಸಿ ಕಪ್ ಬಂತು.

ಸಿಂಡ್ರೋಮ್ ತಗುಲಿದ್ದು 2023-24ರಲ್ಲಿ. ಅದರ ಹಿಂದಿನ ವರ್ಷ ತಂಡ ಫೈನಲ್‌ಗೆ ಹೋಗಿ ಪೆನಾಲ್ಟಿಯಲ್ಲಿ ಸೋತಿತ್ತು, ಹಾಗಾಗಿ ನಿರೀಕ್ಷೆ ಆಕಾಶದಲ್ಲಿತ್ತು. ಆದರೆ ಆ ವರ್ಷ ಲೀಗ್‌ನಲ್ಲಿ ಗಳಿಸಿದ 34 ಪಾಯಿಂಟ್ ಹೇಗೆ ಬಂತು ನೋಡಿ. ಮೊದಲ 12 ಪಂದ್ಯಕ್ಕೆ ಬರೀ 10 ಪಾಯಿಂಟ್. ಕೊನೆಯ ಎಂಟೂ ಪಂದ್ಯ ಗೆದ್ದು 24. ಎಲ್ಲರೂ ನೆನಪಿಟ್ಟುಕೊಂಡದ್ದು ಆ ಎಂಟನ್ನು, ಮರೆತದ್ದು ಮುಂಚಿನ ಹನ್ನೆರಡನ್ನು. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಜಿಂಗನ್ ಗೋವಾಕ್ಕೆ ಹೋದರು. ಕೊಚ್ಚಿಯಲ್ಲಿ ಸೀಸನ್ ಶುರುವಾದ ದಿನ ಸುನಿಲ್ ಛೇತ್ರಿ ಏಷ್ಯನ್ ಗೇಮ್ಸ್‌ಗೆಂದು ಚೀನಾದಲ್ಲಿದ್ದರು. ತಂಡ 2-1ರಿಂದ ಸೋತಿತು. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಹುದ್ದೆ ಹೋಯಿತು. 22 ಪಂದ್ಯಕ್ಕೆ 22 ಪಾಯಿಂಟ್, 10ನೇ ಸ್ಥಾನ. ಹೊಸ ಕೋಚ್ ಜೆರಾರ್ಡ್ ಸರಗೋಸಾಗೆ ಪೂರ್ತಿ ತಯಾರಿಯ ಸಮಯ ಸಿಕ್ಕ 2024-25ರಲ್ಲಿ ಅದೇ ಕ್ಲಬ್ 3ನೇ ಸ್ಥಾನಕ್ಕೆ ಬಂದು ಮತ್ತೆ ಫೈನಲ್ ಆಡಿತು. ಕ್ಲಬ್‌ನ ಧೈರ್ಯ ಒಂದು ವರ್ಷ ಕಳೆದುಹೋಗಿ ಮರುವರ್ಷ ವಾಪಸ್ ಬಂತು ಎನ್ನುವುದಕ್ಕಿಂತ ಇದು ನಂಬಲರ್ಹ ವಿವರಣೆ.

ತಪ್ಪಿಸಿಕೊಂಡವರೂ ಇದ್ದಾರೆ. ಕೋಚ್ ಬ್ರಯಾನ್ ಕ್ಲಫ್‌ರ ನಾಟಿಂಗ್‌ಹ್ಯಾಮ್ ಫಾರೆಸ್ಟ್ 1977ರಲ್ಲಿ ಬಡ್ತಿ ಪಡೆದು 1978ರಲ್ಲಿ ಚಾಂಪಿಯನ್ ಆಗಿ, ಮರುವರ್ಷ ಲೀಗ್‌ನಲ್ಲಿ 2ನೇ ಸ್ಥಾನದ ಜೊತೆಗೆ ಯೂರೋಪಿಯನ್ ಕಪ್ಪನ್ನೂ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದಿತು. ಗೆದ್ದ ತಂಡವನ್ನು ಮುಟ್ಟದೆ ಬಿಡಲಿಲ್ಲ. ಸೀಸನ್ ನಡುವೆಯೇ ಟ್ರೆವರ್ ಫ್ರಾನ್ಸಿಸ್‌ಗೆ ಹತ್ತು ಲಕ್ಷ ಪೌಂಡ್ ಕೊಟ್ಟು ತಂದರು. ಇತ್ತೀಚಿನದು ಬ್ರೆಂಟ್‌ಫರ್ಡ್: ಮೊದಲ ವರ್ಷ 46 ಪಾಯಿಂಟ್, ಎರಡನೇ ವರ್ಷ 59. ಆಗಿನ ಕೋಚ್ ಥಾಮಸ್ ಫ್ರ್ಯಾಂಕ್ ಬಳಿ ದೊಡ್ಡ ತಂಡಗಳ ವಿರುದ್ಧ ಐವರ ಡಿಫೆನ್ಸ್, ಉಳಿದವರ ವಿರುದ್ಧ ನಾಲ್ವರದ್ದು, ಹೀಗೆ ಎರಡು ಆಟ ತಯಾರಿದ್ದವು. ಯೂರೋಪಿನ ಪಂದ್ಯಗಳ ಹೊರೆಯೂ ಇರಲಿಲ್ಲ.

ಆಡಳಿತದವರ ನಿರೀಕ್ಷೆ ಅಭಿಮಾನಿಗಳದ್ದಕ್ಕಿಂತ ಅಪಾಯಕಾರಿ, ಅದನ್ನೂ ಹೇಳಬೇಕು. ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಮುಟ್ಟಿತು. ಪ್ರತಿ ವರ್ಷ ಅಲ್ಲಿ ಆಡುತ್ತೇವೆ ಎಂದುಕೊಂಡು ಸಾಲ ಮಾಡಿ ಆಟಗಾರರನ್ನು ಕೊಂಡಿತು. ಅರ್ಹತೆ ತಪ್ಪಿತು, ಆಟಗಾರರನ್ನು ಮಾರಬೇಕಾಯಿತು, 2004ರಲ್ಲಿ ಕೆಳ ಡಿವಿಜನ್‌ಗೆ ಬಿತ್ತು.

ಸೀಸನ್ ಶುರುವಾದ ಮೇಲೆ ತಂಡ ತಡೆದುಕೊಳ್ಳುತ್ತಿದೆಯೇ ಎಂದು ತಿಳಿಯಲು ಟೇಬಲ್ ನೋಡಬೇಡಿ. ಪ್ರೀಮಿಯರ್ ಲೀಗ್‌ನಲ್ಲಿ ವಿಜಯದಶಮಿ ಹೊತ್ತಿಗೆ ಆಗಿರುವುದು ಆರರಿಂದ ಒಂಬತ್ತು ಪಂದ್ಯ. ಯಾರಿಗೆ ಸುಲಭದ ಎದುರಾಳಿಗಳು ಮೊದಲು ಸಿಕ್ಕರೋ ಅವರು ಮೇಲಿರುತ್ತಾರೆ. ಅದರ ಬದಲು ಅದೇ ಎದುರಾಳಿ, ಅದೇ ಮೈದಾನದಲ್ಲಿ ಕಳೆದ ವರ್ಷ ಎಷ್ಟು ಪಾಯಿಂಟ್ ಬಂದಿತ್ತು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಕೆಳಗಿಳಿದ ಮೂರು ತಂಡಗಳ ಜಾಗಕ್ಕೆ ಬಡ್ತಿ ಪಡೆದ ಮೂರನ್ನು ಕ್ರಮವಾಗಿ ಹಾಕಿ: 18ನೆಯವರ ಬದಲಿಗೆ ಕೆಳ ಡಿವಿಜನ್‌ನ ಚಾಂಪಿಯನ್, 19ಕ್ಕೆ ರನ್ನರ್-ಅಪ್, 20ಕ್ಕೆ ಪ್ಲೇ-ಆಫ್ ಗೆದ್ದವರು. ಎರಡು ಮೂರು ಪಾಯಿಂಟ್ ಹಿಂದಿದ್ದರೆ ಗಾಬರಿ ಬೇಡ. ಏಳೆಂಟು ಹಿಂದಿದ್ದರೆ, ಎದುರಾಳಿಗಳು ಉತ್ತರ ಕಂಡುಕೊಂಡಿದ್ದಾರೆ ಎಂದೇ ತಿಳಿಯಿರಿ.

ಸಂಕ್ರಾಂತಿಗೆ 20ರ ಆಸುಪಾಸು ಪಂದ್ಯ ಮುಗಿದಿರುತ್ತವೆ. ಆಗ ಗೋಲಿನ ಲೆಕ್ಕ ಹಾಕಿ: ಆಡಿದ ಪಂದ್ಯಗಳನ್ನು 1.37ರಿಂದ ಗುಣಿಸಿ, ವ್ಯತ್ಯಾಸದ ಮೂರನೇ ಎರಡು ಭಾಗ ಸೇರಿಸಿ. ಪಾಯಿಂಟ್ ಕಡಿಮೆಯಿದ್ದು ಲೆಕ್ಕದ ಸಂಖ್ಯೆ ಚೆನ್ನಾಗಿದ್ದರೆ ಕೋಚ್‌ನನ್ನು ಬದಲಿಸಿ ಎಂದು ಕೂಗುವ ಅಗತ್ಯವಿಲ್ಲ, ಆಟ ಸರಿಯಿದೆ. ಪಾಯಿಂಟ್ ಚೆನ್ನಾಗಿದ್ದು ಲೆಕ್ಕ ಕೆಳಗಿದ್ದರೆ ಆತುರ ಪಡಬೇಕಾದ್ದು ಆಗಲೇ, ಏಕೆಂದರೆ ಆಟಗಾರರನ್ನು ಕೊಳ್ಳುವ ಕಿಟಕಿ ಫೆಬ್ರುವರಿ ಮೊದಲ ದಿನಗಳಲ್ಲಿ ಮುಚ್ಚುತ್ತದೆ. ಕೈಯಲ್ಲಿ ಉಳಿಯುವುದು ಎರಡೂವರೆ ವಾರ.