ತಿಳಮಾತಿಯ ಬಂಡೆಹೊಂಡಗಳು

ಕಾರವಾರದಾಚೆ, ಗೋವಾ ಗಡಿಯ ಮಗ್ಗುಲಲ್ಲಿರುವ ಮಾಜಾಳಿಯಿಂದ ಗುಡ್ಡ ದಾಟಿದರೆ ತಿಳಮಾತಿ ಕಡಲತೀರ. ಅಲ್ಲಿಗೆ ಬಂದವರು ಕರಿಮರಳನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಾರೆ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಪಕ್ಕದ ಬಂಡೆಗಳತ್ತ ಹೋಗುವವರು ಕಡಿಮೆ. ನನ್ನ ಮಟ್ಟಿಗೆ ಆ ತೀರದ ಸಿರಿಯೆಲ್ಲ ಇರುವುದು ಅಲ್ಲೇ, ಇಳಿತದಲ್ಲಿ ಕಡಲು ಬಂಡೆಗಳ ನಡುವೆ ಬಿಟ್ಟುಹೋಗುವ ನೀರಿನ ಹೊಂಡಗಳಲ್ಲಿ.

ಹೋಗುವ ದಿನವನ್ನು ತಿಥಿ ನೋಡಿ ಆರಿಸಿಕೊಳ್ಳಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟುಗೂಡಿ, ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ಅಂತರ ಬೀಳುತ್ತದೆ. ಅಷ್ಟಮಿಯ ಹೊತ್ತಿಗೆ ಆ ಅಂತರ ಬಹಳ ಕುಗ್ಗುತ್ತದೆ, ತಳದ ಬಂಡೆಗಳು ಹೊರಗೆ ಕಾಣುವುದೇ ಇಲ್ಲ. ಒಂದು ಇಳಿತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಆದರೂ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತ ನಮ್ಮ ಕರಾವಳಿಗೆ ಬರುವುದು ನಸುಕಿನಲ್ಲಿ ಮತ್ತು ಸಂಜೆಯ ಹೊತ್ತಿನಲ್ಲಿ. ಇದು ಸಣ್ಣ ಸಂಗತಿಯಲ್ಲ. ತಳದ ಬಂಡೆಯ ಮೆತ್ತನೆ ಮೈಯ ಜೀವಿಗಳು ನಡುಹಗಲಿನ ಬಿಸಿಲಿಗೆ ಸಿಕ್ಕಿ ಬೇಯದೆ ಉಳಿಯುವುದು ಇದರಿಂದಲೂ ಹೌದು.

ಬಂಡೆಯ ಮೇಲ್ಭಾಗದಲ್ಲಿ ಬೂದುಬಣ್ಣದ ಒರಟು ಹೊಪ್ಪಳೆಯಂತೆ ಕಾಣುವುದು ಬಾರ್ನಕಲ್‌ಗಳು. ಸಿಂಪಿಯ ಬಳಗದವೆಂದು ತೋರಿದರೂ ಇವು ಏಡಿ, ಸಿಗಡಿಗಳ ನಂಟರು. ನೀರಿಲ್ಲದ ಹೊತ್ತು ಬಾಗಿಲು ಬಿಗಿದು, ಒಳಗಿನ ತೇವವನ್ನು ಕಾಪಾಡಿಕೊಳ್ಳುತ್ತವೆ. ಅಲೆ ಬಂದು ಮುಳುಗಿಸಿದೊಡನೆ ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಬೀಸಿ ಆಹಾರವನ್ನು ಒಳಗೆ ಸೆಳೆದುಕೊಳ್ಳುತ್ತವೆ. ಚಾರ್ಲ್ಸ್ ಡಾರ್ವಿನ್ ಇವುಗಳ ಅಧ್ಯಯನಕ್ಕೇ 1846ರಿಂದ ಎಂಟು ವರ್ಷ ಕೊಟ್ಟರು.

ಸ್ವಲ್ಪ ಕೆಳಗೆ, ಚಪ್ಪಟೆ ಟೋಪಿಯ ಆಕಾರದ ಲಿಂಪೆಟ್ ಎಂಬ ಬಸವನಹುಳು. ಪಾಚಿ ಮೇಯಲು ಹೊರಟು, ತನ್ನದೇ ಲೋಳೆಯ ಜಾಡು ಹಿಡಿದು ಮೊದಲಿನ ಜಾಗಕ್ಕೇ ಮರಳುವ ಜಾತಿಗಳು ಇವುಗಳಲ್ಲಿ ಹಲವು. ಚಿಪ್ಪಿನ ಅಂಚು ಬಂಡೆಯ ಆ ಒಂದು ತಾಣದ ಉಬ್ಬುತಗ್ಗಿಗೆ ಸರಿಯಾಗಿ ಕೂರುವಂತೆ ಬೆಳೆದಿರುತ್ತದೆ. ಬೇರೆ ಕಡೆ ಕೂತರೆ ಸಂದಿಯಿಂದ ತೇವ ಸೋರಿಹೋಗುತ್ತದೆ. ಬಂಡೆಯನ್ನೇ ಕೆರೆದು ತಿನ್ನುವ ಇದರ ಹಲ್ಲುಗಳಲ್ಲಿ ಕಬ್ಬಿಣದ ಖನಿಜವಿದೆ. ಜೇಡರ ನೂಲಿಗಿಂತಲೂ ಆ ಹಲ್ಲು ಗಟ್ಟಿ ಎಂದು ಬ್ರಿಟನ್ನಿನ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು.

ಇನ್ನು ಹೊಂಡದ ಪಕ್ಕ ಕೂರೋಣ. ನೆರಳು ನೀರಿನ ಮೇಲೆ ಬೀಳದಂತೆ, ಅಲುಗದೆ ಕೂರಬೇಕು. ಮೊದಲಿಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯತೊಡಗುತ್ತದೆ, ಅದರೊಳಗೆ ಸನ್ಯಾಸಿ ಏಡಿ. ಕಲ್ಲಿನ ಬಣ್ಣದ ಗೋಬಿ ಮೀನು ತಳದಲ್ಲಿ ಚಿಮ್ಮಿ ನಿಲ್ಲುತ್ತದೆ. ಬಾತಿಗೋಬಿಯಸ್ ಎಂಬ ಈ ಕುಲದ ಒಂದು ಅಮೆರಿಕನ್ ಜಾತಿಯ ಮೇಲೆ ಲೆಸ್ಟರ್ ಆರನ್ಸನ್ ಪ್ರಯೋಗ ನಡೆಸಿ 1951ರಲ್ಲಿ ಪ್ರಕಟಿಸಿದರು. ಅಪಾಯ ಬಂದಾಗ ಆ ಮೀನು ಕಣ್ಣಿಗೆ ಕಾಣದ ಪಕ್ಕದ ಹೊಂಡಕ್ಕೆ ಗುರಿ ತಪ್ಪದೆ ಹಾರುತ್ತದೆ. ಉಬ್ಬರದಲ್ಲಿ ಬಂಡೆಯ ಮೇಲೆಲ್ಲ ಈಜಾಡುವಾಗಲೇ ತಗ್ಗುಗಳು ಎಲ್ಲಿವೆಯೆಂದು ಅದು ಮನನ ಮಾಡಿಕೊಂಡಿರುತ್ತದೆ. ಬೆರಳುದ್ದದ ಜೀವದೊಳಗೆ ಅಂಥದೊಂದು ನಕ್ಷೆ ಇದೆಯೆಂಬುದು ನನಗೆ ಇಂದಿಗೂ ಮೈ ಜುಮ್ಮೆನಿಸುವ ವಿಷಯ.

ನೋಡಲು ನೆಮ್ಮದಿಯ ತಾಣವಾದರೂ ಹೊಂಡದ ಬದುಕು ಕಠಿಣ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ಅದರ ಎಳೆಗಳ ಮೇಲೆ ಗುಳ್ಳೆಗಳು ಕೂತಿರುವುದು ಕಾಣುತ್ತದೆ. ರಾತ್ರಿ ಅದೇ ಪಾಚಿ ಉಳಿದವರ ಜೊತೆ ಆಮ್ಲಜನಕಕ್ಕೆ ಪಾಲು ಕೇಳುತ್ತದೆ. ಬಿಸಿಲಿಗೆ ನೀರು ಕಾದು ಆವಿಯಾದಷ್ಟೂ ಉಪ್ಪು ಏರುತ್ತದೆ. ಮತ್ತೆ ಜೂನ್ ಬರುತ್ತದೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಸೆಪ್ಟೆಂಬರಿನೊಳಗೆ. ಕಾಳಿ ನದಿ ಕೆಂಪಾಗಿ ಬಂದು ಕಡಲು ಸೇರುತ್ತದೆ, ತೀರದ ನೀರಿನ ಉಪ್ಪು ಇಳಿಯುತ್ತದೆ. ಮೇಲಿನ ಹೊಂಡಗಳಂತೂ ಸಿಹಿನೀರಿನ ತೊಟ್ಟಿಗಳಾಗುತ್ತವೆ. ಬಾಗಿಲಿದ್ದವರು ಬಾಗಿಲು ಹಾಕಿಕೊಳ್ಳುತ್ತಾರೆ, ಸರಿಯಬಲ್ಲವರು ಆಳಕ್ಕೆ ಸರಿಯುತ್ತಾರೆ. ಉಳಿದವರಲ್ಲಿ ಎಷ್ಟೋ ಜೀವಗಳು ಅಲೆಯ ಹೊಡೆತಕ್ಕೆ ಕಿತ್ತುಹೋಗುತ್ತವೆ.

ನೀರು ಮತ್ತೆ ಉಪ್ಪಾದಾಗ ತೆರವಾದ ಜಾಗಗಳಿಗೆ ಮರಿಗಳು ಬರುತ್ತವೆ. ಬಾರ್ನಕಲ್ ಮರಿ ಮೀಸೆಗಳನ್ನೇ ಊರಿಕೊಂಡು ಬಂಡೆಯ ಮೇಲೆ ನಡೆದಾಡಿ, ತನ್ನ ಜಾತಿಯ ಹಿರಿಯರ ರಾಸಾಯನಿಕ ಗುರುತನ್ನು ಹುಡುಕುತ್ತದೆ. ಜಾಗ ಒಪ್ಪಿಗೆಯಾದರೆ ತಲೆಯನ್ನೇ ಕಲ್ಲಿಗೆ ಅಂಟಿಸಿಕೊಳ್ಳುತ್ತದೆ. ಮುಂದೆ ಅದು ಅಲ್ಲಿಂದ ಕದಲುವುದಿಲ್ಲ. ಮಳೆ ಕಳೆದ ಮೇಲೆ ತಿಳಮಾತಿಗೆ ಹೋಗುವವರು ಬಂಡೆಯ ಮೇಲೆ ಕಾಲಿಡುವ ಮುನ್ನ ಬಗ್ಗಿ ನೋಡಿ. ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಕಂಡರೆ ಪಕ್ಕದ ಬರಿಕಲ್ಲಿನ ಮೇಲೆ ಹೆಜ್ಜೆ ಇಡಿ. ಎತ್ತಿ ನೋಡಿದ ಕಲ್ಲನ್ನು ಇದ್ದ ಮಗ್ಗುಲಿಗೇ ಮಲಗಿಸಿ; ಅಡಿಯಲ್ಲಿ ಅಂಟಿಕೊಂಡಿರುವ ಸ್ಪಂಜು, ಮೊಟ್ಟೆಗಳು ಬಿಸಿಲಿಗೆ ಬದುಕುವುದಿಲ್ಲ. ಸಂಜೆಯ ಇಳಿತಕ್ಕೆ ಹೋದವರು, ನೀರು ಏರತೊಡಗಿದ ಕೂಡಲೇ ಗುಡ್ಡದ ದಾರಿ ಹಿಡಿಯಿರಿ. ಹೊಂಡಗಳನ್ನು ತುಂಬುತ್ತಾ ಬರುವ ನೀರು ಬಂಡೆಗೂ ಮರಳಿಗೂ ನಡುವಿನ ತಗ್ಗನ್ನು ಬೇಗನೆ ಮುಚ್ಚಿಬಿಡುತ್ತದೆ.